ಪ್ರಾಣ, ಆತ್ಮ: ಕ್ರೈಸ್ತ ನಂಬಿಕೆಯಲ್ಲಿ ಎರಡೂ ಒಂದೇನಾ, ಬೇರೆ ಬೇರೆನಾ?

ಬೈಬಲ್ ಓದುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗೇ ಆಗುತ್ತದೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ (5:23) ಆದಿ ಸಭೆಯ ಬೋಧಕ ಪೌಲ, ನಿಮ್ಮ ಆತ್ಮ, ಪ್ರಾಣ, ಶರೀರ ಮೂರೂ ದೋಷವಿಲ್ಲದೆ ಉಳಿಯಲಿ ಎಂದು ಹಾರೈಸುತ್ತಾನೆ. ಶರೀರ ಗೊತ್ತು. ಆತ್ಮ ಅಂದರೂ ಏನೋ ಒಂದು ಅಂದಾಜಿದೆ. ಮಧ್ಯದಲ್ಲಿರುವ ಈ ಪ್ರಾಣ ಯಾವುದು? ಸತ್ತ ಮೇಲೆ ದೇವರ ಹತ್ತಿರ ಹೋಗುವುದು ಇವೆರಡರಲ್ಲಿ ಯಾವುದು? ಪ್ರಾರ್ಥನೆ ಮಾಡುವುದು ಯಾವುದು, ಪಾಪ ಮಾಡುವುದು ಯಾವುದು?

ಕ್ರೈಸ್ತ ಸಭೆಗಳೆಲ್ಲ (ಚರ್ಚುಗಳೆಲ್ಲ) ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಬೈಬಲಿನ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಚಿತ್ರ ಸಿಗುತ್ತದೆ. ಪ್ರಾಣ ಅಂದರೆ ಉಸಿರಾಡುವ, ಆಸೆಪಡುವ, ಅಳುವ, ಬದುಕಿರುವ ‘ನಾನು’. ಆತ್ಮ ಅಂದರೆ ಆ ಬದುಕು ದೇವರಿಂದ ಬಂದದ್ದು, ದೇವರ ಜೊತೆ ನಂಟು ಇಟ್ಟುಕೊಳ್ಳಬಲ್ಲದ್ದು ಎನ್ನುವ ಮಗ್ಗುಲು. ಇವು ಎರಡು ಬೇರೆ ಬೇರೆ ವಸ್ತುಗಳೋ, ಒಬ್ಬನೇ ಮನುಷ್ಯನನ್ನು ಎರಡು ಕಡೆಯಿಂದ ನೋಡುವ ರೀತಿಯೋ ಎನ್ನುವುದರಲ್ಲೇ ಜಗಳ ಇರುವುದು. ನನ್ನ ಒಲವು ಎರಡನೆಯದರ ಕಡೆಗೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಪದಗಳ ಗೊಂದಲ ತೀರಿಸಿಕೊಳ್ಳೋಣ. ಹಳೆ ಒಡಂಬಡಿಕೆಯ ಹೀಬ್ರೂವಿನಲ್ಲಿ ನೆಫೆಷ್, ರೂಆಖ್ ಎಂಬ ಎರಡು ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪ್ಸೂಖೆ, ಪ್ನ್ಯೂಮ. ನೆಫೆಷ್ ಮತ್ತು ಪ್ಸೂಖೆ ಒಂದು ಜೋಡಿ. ಅದನ್ನು ಇಲ್ಲಿ ಪ್ರಾಣ ಎನ್ನುತ್ತೇನೆ. ರೂಆಖ್ ಮತ್ತು ಪ್ನ್ಯೂಮ ಇನ್ನೊಂದು ಜೋಡಿ, ಅದು ಆತ್ಮ. ಥೆಸಲೋನಿಕದ ವಾಕ್ಯದಲ್ಲಿ ಕನ್ನಡ ಬೈಬಲ್ ಕೂಡ ಹೀಗೇ ಮಾಡಿದೆ. ಎಲ್ಲ ಕಡೆಯೂ ಹಾಗಿಲ್ಲ. ಸಂದರ್ಭ ನೋಡಿಕೊಂಡು ಜೀವ, ಮನಸ್ಸು ಎಂದೂ ಬಳಸಿದೆ. ಹಾಗಾಗಿ ಬರೀ ಕನ್ನಡ ಪದ ಹಿಡಿದುಕೊಂಡು ಲೆಕ್ಕ ಹಾಕಲು ಹೋದರೆ ತಾಳೆಯಾಗುವುದಿಲ್ಲ.

ಇನ್ನೊಂದು ಮಾತು. ಆತ್ಮ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಹುಟ್ಟೂ ಸಾವೂ ಇಲ್ಲದ, ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗುವ ಆತ್ಮ. ಕ್ರೈಸ್ತ ನಂಬಿಕೆ ಹೇಳುವ ಆತ್ಮ ಅದಲ್ಲ. ಅದು ದೇವರ ತುಣುಕೂ ಅಲ್ಲ, ಮೊದಲಿನಿಂದಲೂ ಇದ್ದದ್ದೂ ಅಲ್ಲ. ದೇವರು ಉಂಟುಮಾಡಿದ್ದು. ಒಬ್ಬನಿಗೆ ಒಂದು, ಒಂದೇ ಬದುಕಿಗೆ. ಈ ವ್ಯತ್ಯಾಸ ಮರೆತರೆ ಮುಂದಿನದೆಲ್ಲ ಬೇರೆ ಅರ್ಥ ಕೊಡುತ್ತದೆ.

ಮಣ್ಣು ಮತ್ತು ಉಸಿರು

ಎಲ್ಲರೂ ಶುರುಮಾಡುವ ಜಾಗ ಬೈಬಲಿನ ಮೊದಲ ಪುಸ್ತಕ, ಆದಿಕಾಂಡ 2:7. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸುತ್ತಾನೆ. ಅವನ ಮೂಗಿನಲ್ಲಿ ಜೀವಶ್ವಾಸ ಊದುತ್ತಾನೆ. ಆಗ ಮನುಷ್ಯ ‘ಬದುಕುವ ಪ್ರಾಣಿ’ಯಾಗುತ್ತಾನೆ. ಇಲ್ಲಿ ಪ್ರಾಣಿ ಅಂದರೆ ಮೃಗ ಅಂತಲ್ಲ, ಪ್ರಾಣ ಇರುವವನು ಅಂತ. ಹೀಬ್ರೂವಿನಲ್ಲಿ ಇಲ್ಲಿರುವುದು ನೆಫೆಷ್ ಖಯ್ಯಾ, ಅಂದರೆ ಬದುಕಿರುವ ನೆಫೆಷ್.

ಈ ವಾಕ್ಯವನ್ನು ನಿಧಾನಕ್ಕೆ ಓದಿ. ಮನುಷ್ಯನಿಗೆ ಪ್ರಾಣ ಎಂಬ ವಸ್ತುವನ್ನು ದೇವರು ‘ಕೊಟ್ಟ’ ಎಂದು ಇಲ್ಲಿಲ್ಲ. ಮನುಷ್ಯ ಪ್ರಾಣಿ ‘ಆದ’ ಎಂದಿದೆ. ಮಣ್ಣು, ಉಸಿರು ಎರಡೂ ಸೇರಿ ಒಂದು ಜೀವಂತ ವ್ಯಕ್ತಿ. ಅಂದರೆ ನೆಫೆಷ್ ಮನುಷ್ಯನ ಒಳಗೆಲ್ಲೋ ಅಡಗಿರುವ ಒಂದು ಭಾಗವಲ್ಲ, ಇಡೀ ಮನುಷ್ಯನೇ. ಇದೇ ಮಾತನ್ನು ಮೊದಲ ಅಧ್ಯಾಯದಲ್ಲಿ (1:20, 24) ನೀರಿನ ಜೀವಿಗಳಿಗೂ ನೆಲದ ಮೃಗಗಳಿಗೂ ಬಳಸಿದೆ. ಅರಣ್ಯಕಾಂಡ 6:6ರಲ್ಲಿ ಹೆಣಕ್ಕೂ ನೆಫೆಷ್ ಎಂದೇ ಹೇಳಿದೆ. ಯಾಜಕಕಾಂಡ 17:11ರ ಪ್ರಕಾರ ನೆಫೆಷ್ ಇರುವುದು ರಕ್ತದಲ್ಲಿ. ಗಾಳಿಯಲ್ಲಿ ತೇಲುವ ಯಾವುದೋ ಬಿಳಿ ಆಕೃತಿಗೂ ಇದಕ್ಕೂ ಸಂಬಂಧವೇ ಇಲ್ಲ, ಅಲ್ವಾ?

ರೂಆಖ್ ಅಂದರೆ ಗಾಳಿ, ಉಸಿರು, ಆತ್ಮ. ದೇವರ ಆತ್ಮಕ್ಕೂ ಅದೇ ಪದ, ಮನುಷ್ಯನ ಆತ್ಮಕ್ಕೂ ಅದೇ. ಇದು ಸಾಮಾನ್ಯವಾಗಿ ಶಕ್ತಿಯ ಕಡೆಗೆ, ಮೂಲದ ಕಡೆಗೆ ಬೆರಳು ತೋರಿಸುತ್ತದೆ. ಪ್ರಸಂಗಿ 12:7ರಲ್ಲಿ ಮಣ್ಣು ಭೂಮಿಗೆ ಸೇರುತ್ತದೆ, ಆತ್ಮ ಅದನ್ನು ಕೊಟ್ಟ ದೇವರ ಬಳಿಗೆ ಹೋಗುತ್ತದೆ. ಪ್ರಾಣ ಎನ್ನುವಾಗ ಕಣ್ಣೆದುರು ಬರುವುದು ಹಸಿಯುವ, ಬಾಯಾರುವ, ಹೆದರುವ ಮನುಷ್ಯ. ಆತ್ಮ ಎನ್ನುವಾಗ ಕಣ್ಣೆದುರು ಬರುವುದು ಆ ಮನುಷ್ಯನ ಉಸಿರು ಯಾರ ಕೈಯಲ್ಲಿದೆ ಎನ್ನುವುದು.

ದೇವದೂತರಿಗೂ ದೆವ್ವಗಳಿಗೂ ಬೈಬಲ್ ಆತ್ಮಗಳು ಎನ್ನುತ್ತದೆ. ‘ದೇವರು ಆತ್ಮಸ್ವರೂಪನು’ ಎಂದು ಯೋಹಾನ 4:24 ಹೇಳುತ್ತದೆ. ದೇಹ ಇಲ್ಲದೆಯೂ ಇರಬಲ್ಲ ಇರುವಿಕೆಗೆ ಈ ಪದ ಒಗ್ಗುತ್ತದೆ. ಪ್ರಾಣ ಎನ್ನುವ ಪದಕ್ಕೆ ಮಾತ್ರ ದೇಹದ ವಾಸನೆ ಸಾಮಾನ್ಯವಾಗಿ ಅಂಟಿಕೊಂಡಿರುತ್ತದೆ.

ಗೆರೆ ಎಳೆಯಲು ಹೊರಟರೆ

ಇಷ್ಟಾದ ಮೇಲೆ ಕೆಲವರು ಒಂದು ಅಚ್ಚುಕಟ್ಟಾದ ಪಟ್ಟಿ ಕೊಡುತ್ತಾರೆ. ದೇಹದಿಂದ ಲೋಕದ ಅರಿವು, ಪ್ರಾಣದಿಂದ ತನ್ನ ಅರಿವು, ಆತ್ಮದಿಂದ ದೇವರ ಅರಿವು. ಗಿಡಕ್ಕೆ ದೇಹ ಮಾತ್ರ, ಮೃಗಕ್ಕೆ ದೇಹ ಮತ್ತು ಪ್ರಾಣ, ಮನುಷ್ಯನಿಗೆ ಮೂರೂ. ಬಾಯಿಪಾಠ ಮಾಡಲು ಸುಲಭ. ಆದರೆ ಬೈಬಲ್ ತೆರೆದು ಒಂದೊಂದೇ ವಾಕ್ಯ ನೋಡುತ್ತ ಹೋದರೆ ಪಟ್ಟಿ ಅಲ್ಲಲ್ಲಿ ಹರಿಯುತ್ತದೆ. ಪ್ರಸಂಗಿ 3:21 ಮೃಗಗಳಿಗೂ ರೂಆಖ್ ಇದೆ ಎನ್ನುತ್ತದೆ. ಯೆಶಾಯ 42:1ರಲ್ಲಿ ದೇವರೇ ತನ್ನ ನೆಫೆಷ್ ಬಗ್ಗೆ ಮಾತಾಡುತ್ತಾನೆ. ಆರಿಸಿಕೊಂಡ ಸೇವಕನಲ್ಲಿ ಅದು ಆನಂದಿಸುತ್ತದಂತೆ. ಪ್ರಾಣ ಕೆಳಗಿನ ಮೆಟ್ಟಿಲಾಗಿದ್ದರೆ ಈ ಮಾತು ಹೇಗೆ ಬರಬೇಕಿತ್ತು?

ಯೇಸುವಿನ ಬದುಕಿನ ಕೊನೆಯ ದಿನಗಳನ್ನೇ ನೋಡಿ. ಯೋಹಾನ 12:27ರಲ್ಲಿ, ಈಗ ನನ್ನ ಪ್ರಾಣ ತತ್ತರಿಸುತ್ತಿದೆ ಎನ್ನುತ್ತಾನೆ. ಗ್ರೀಕಿನಲ್ಲಿ ಪ್ಸೂಖೆ. ಮುಂದಿನ ಅಧ್ಯಾಯದಲ್ಲೇ, 13:21ರಲ್ಲಿ, ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಹೇಳುವ ಹೊತ್ತಿಗೆ ಅವನು ಆತ್ಮದಲ್ಲಿ ತತ್ತರಿಸಿದ ಎಂದಿದೆ. ಇಲ್ಲಿ ಪ್ನ್ಯೂಮ. ಎರಡೂ ಕಡೆ ಕ್ರಿಯಾಪದ ಒಂದೇ. ತತ್ತರಿಸಿದ್ದು ಪ್ರಾಣವೋ ಆತ್ಮವೋ? ಯೋಹಾನನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತಿತ್ತು ಅನ್ನಿಸುತ್ತದೆ. ತತ್ತರಿಸಿದ್ದು ಯೇಸು.

ಗೆತ್ಸೇಮನೆ ತೋಟದಲ್ಲೂ ಹೀಗೇ. ಮತ್ತಾಯ 26:38ರಲ್ಲಿ ಅವನ ಪ್ರಾಣ ಸಾಯುವಷ್ಟು ದುಃಖಪಡುತ್ತದೆ. ಮೂರು ವಾಕ್ಯಗಳ ನಂತರ ನಿದ್ದೆಹೋದ ಶಿಷ್ಯರಿಗೆ, ಆತ್ಮವೇನೋ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಎನ್ನುತ್ತಾನೆ. ಎರಡು ಪದಗಳ ಬಣ್ಣ ಇಲ್ಲಿ ಚೆನ್ನಾಗಿ ಕಾಣುತ್ತದೆ. ದುಃಖ, ಭಯ, ಸಾವಿನ ನೆರಳು ಬಂದಾಗ ಪ್ರಾಣ. ದೇವರ ಚಿತ್ತಕ್ಕೆ ಹೂಂ ಎನ್ನುವ ಮಾತು ಬಂದಾಗ ಆತ್ಮ. ಬಣ್ಣ ಬೇರೆ ಎಂಬುದು ನಿಜ. ಅದರಿಂದ ಒಳಗೆ ಎರಡು ಬೇರೆ ಕೋಣೆ ಇವೆ ಎಂದು ಸಾಬೀತಾಗುವುದಿಲ್ಲ, ಅಷ್ಟೇ.

ಸಾವಿನ ವಿಷಯಕ್ಕೆ ಬಂದರೂ ಪದಗಳು ಅದಲುಬದಲಾಗುತ್ತವೆ. ರಾಹೇಲಳು ಸಾಯುವಾಗ ಹೊರಟದ್ದು ನೆಫೆಷ್ (ಆದಿಕಾಂಡ 35:18). ಎಲೀಯ ಪ್ರಾರ್ಥಿಸಿದಾಗ ವಿಧವೆಯ ಮಗನಿಗೆ ತಿರುಗಿ ಬಂದದ್ದೂ ಅದೇ. ಯೇಸು ಬದುಕಿಸಿದ ಯಾಯೀರನ ಮಗಳಿಗೆ ತಿರುಗಿ ಬಂದದ್ದು ಮಾತ್ರ ಪ್ನ್ಯೂಮ (ಲೂಕ 8:55). ಯೇಸು ಶಿಲುಬೆಯ ಮೇಲೆ ತಂದೆಯ ಕೈಗೆ ಒಪ್ಪಿಸಿದ್ದು ಆತ್ಮವನ್ನು. ಅನೇಕರಿಗಾಗಿ ಈಡಾಗಿ ಕೊಡುತ್ತೇನೆ ಎಂದದ್ದು ಪ್ಸೂಖೆಯನ್ನು (ಮತ್ತಾಯ 20:28). ಪ್ರಕಟನೆ 6:9ರಲ್ಲಿ ಯಜ್ಞವೇದಿಯ ಕೆಳಗೆ ಕಾಣುವುದು ಹತರಾದವರ ಪ್ರಾಣಗಳು. ಇಬ್ರಿಯ 12:23ರಲ್ಲಿ ಪರಲೋಕದಲ್ಲಿರುವುದು ನೀತಿವಂತರ ಆತ್ಮಗಳು. ಸತ್ತ ಮೇಲೆ ಯಾವುದು ಹೋಗುತ್ತದೆ ಎಂಬ ಪ್ರಶ್ನೆಗೆ ಬೈಬಲ್ ಎರಡೂ ಪದ ಬಳಸಿ ಉತ್ತರ ಕೊಡುತ್ತದೆ. ಇದನ್ನು ನೋಡಿದ ಮೇಲೂ ಇವು ಎರಡು ಬೇರೆ ವಸ್ತುಗಳು ಎನ್ನುವುದು ನನಗಂತೂ ಕಷ್ಟ.

ಯೇಸುವಿನ ತಾಯಿ ಮರಿಯಳ ಹಾಡನ್ನೂ (ಲೂಕ 1:46–47) ಇದಕ್ಕೆ ಸೇರಿಸಬಹುದು. ನನ್ನ ಪ್ರಾಣ ಕರ್ತನನ್ನು ಕೊಂಡಾಡುತ್ತದೆ, ನನ್ನ ಆತ್ಮ ರಕ್ಷಕನಲ್ಲಿ ಉಲ್ಲಾಸಪಡುತ್ತದೆ. ಒಂದೇ ಮಾತನ್ನು ಎರಡು ಸಾಲಿನಲ್ಲಿ ಬೇರೆ ಪದಗಳಿಂದ ಹೇಳುವುದು ಹೀಬ್ರೂ ಕಾವ್ಯದ ಜಾಯಮಾನ. ಯೆಶಾಯ 26:9ರಲ್ಲೂ ಇದೇ ಜೋಡಿ ಇದೆ.

ಹಾಗಾದರೆ ಮನುಷ್ಯನಲ್ಲಿ ದೇಹ, ಪ್ರಾಣ, ಆತ್ಮ ಎಂದು ಮೂರು ಭಾಗ ಎನ್ನುವವರು ಸುಮ್ನೆ ಹೇಳುತ್ತಾರಾ? ಇಲ್ಲ. ಅವರ ಕೈಯಲ್ಲಿ ಎರಡು ಗಟ್ಟಿ ವಾಕ್ಯಗಳಿವೆ. ಒಂದು, ಮೊದಲೇ ಹೇಳಿದ ಥೆಸಲೋನಿಕದ್ದು. ಇನ್ನೊಂದು ಇಬ್ರಿಯ 4:12. ದೇವರ ವಾಕ್ಯ ಎರಡು ಬಾಯಿಯ ಕತ್ತಿಗಿಂತ ಹರಿತ, ಅದು ಪ್ರಾಣ ಆತ್ಮಗಳನ್ನೂ ಕೀಲು ಮಜ್ಜೆಗಳನ್ನೂ ವಿಭಾಗಿಸುವಷ್ಟು ಒಳಕ್ಕೆ ಹೋಗುತ್ತದೆ. ವಿಭಾಗಿಸಬೇಕಾದರೆ ಎರಡು ಇರಬೇಕಲ್ಲ ಎಂಬುದು ಅವರ ವಾದ. ಮಾತಿನಲ್ಲಿ ತೂಕ ಇದೆ. ಇನ್ನೊಂದು ಪಕ್ಷದವರ ಉತ್ತರ ಹೀಗಿದೆ: ಅದೇ ವಾಕ್ಯದ ಕೊನೆಯಲ್ಲಿ ‘ಹೃದಯದ ಆಲೋಚನೆಗಳು, ಉದ್ದೇಶಗಳು’ ಎಂದೂ ಬರುತ್ತದೆ. ಮನುಷ್ಯನ ಒಳಗಿನ ಯಾವ ಮೂಲೆಯೂ ದೇವರ ಮಾತಿಗೆ ಮರೆಯಲ್ಲ ಎನ್ನುವುದು ಅಲ್ಲಿನ ವಿಷಯವೇ ಹೊರತು ಒಳಗೆ ಎಷ್ಟು ಭಾಗ ಎಂಬ ಎಣಿಕೆ ಅಲ್ಲ. ಎಣಿಕೆಗೇ ಹೊರಟರೆ ಮಾರ್ಕ 12:30ರಲ್ಲಿ ಹೃದಯ, ಪ್ರಾಣ, ಬುದ್ಧಿ, ಶಕ್ತಿ ಎಂದು ನಾಲ್ಕು ಸಿಗುತ್ತವೆ. ಮನುಷ್ಯನಿಗೆ ನಾಲ್ಕು ಭಾಗ ಎಂದು ಯಾರೂ ಸಭೆ ಕಟ್ಟಿಲ್ಲ.

ವ್ಯತ್ಯಾಸ ನಿಜವಾಗಿ ಬಿಗಿಯಾಗುವ ಜಾಗ

ಎರಡೂ ಒಂದೇ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಪೌಲ ಈ ಪದಗಳನ್ನು ವಿಶೇಷಣ ಮಾಡಿ ಬಳಸುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 2:14–15ರಲ್ಲಿ ಎರಡು ಬಗೆಯ ಜನ ಬರುತ್ತಾರೆ. ಒಬ್ಬ ಪ್ಸೂಖಿಕೋಸ್, ಅಂದರೆ ಪ್ರಾಣದ ಮಟ್ಟದಲ್ಲೇ ಬದುಕುವವನು. ಕನ್ನಡ ಬೈಬಲಿನಲ್ಲಿ ‘ಪ್ರಾಕೃತ ಮನುಷ್ಯ’. ಇನ್ನೊಬ್ಬ ಪ್ನ್ಯೂಮಟಿಕೋಸ್, ಆತ್ಮಿಕ ಮನುಷ್ಯ. ದೇವರ ಆತ್ಮದ ವಿಷಯಗಳು ಮೊದಲನೆಯವನಿಗೆ ಹುಚ್ಚುಮಾತಾಗಿ ಕಾಣುತ್ತವೆ. ಯೂದನ ಪತ್ರದ 19ನೇ ವಾಕ್ಯದಲ್ಲೂ ಇದೇ ಪದ ಇದೆ: ಪ್ರಾಕೃತರು, ದೇವರಾತ್ಮ ಇಲ್ಲದವರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆತ್ಮಿಕ ಮನುಷ್ಯ ಅಂದರೆ ತನ್ನ ಒಳಗಿನ ಆತ್ಮ ಎಂಬ ಭಾಗವನ್ನು ಚೆನ್ನಾಗಿ ಬೆಳೆಸಿಕೊಂಡವನು ಅಂತಲ್ಲ. ದೇವರ ಪವಿತ್ರಾತ್ಮ ನಡೆಸುತ್ತಿರುವವನು ಅಂತ. ಪ್ರಾಕೃತ ಮನುಷ್ಯನಿಗೂ ಬುದ್ಧಿ ಇದೆ, ಒಳ್ಳೆಯ ಗುಣ ಇರಬಹುದು. ತನ್ನ ಸ್ವಂತ ಬಲದ ಮೇಲೆ ಬದುಕುತ್ತಿದ್ದಾನೆ, ಅಷ್ಟೇ. ಮನುಷ್ಯನ ಆತ್ಮ ಬೇರೆ, ದೇವರ ಆತ್ಮ ಬೇರೆ ಎಂಬುದನ್ನು ರೋಮಾಪುರದವರಿಗೆ ಬರೆದ ಪತ್ರದ 8:16 ಬಿಡಿಸಿ ಹೇಳುತ್ತದೆ. ನಾವು ದೇವರ ಮಕ್ಕಳು ಎಂದು ದೇವರಾತ್ಮ ನಮ್ಮ ಆತ್ಮದ ಜೊತೆ ಸಾಕ್ಷಿ ಹೇಳುತ್ತದೆ. ನನ್ನ ಪ್ರಕಾರ ಪ್ರಾಣ ಮತ್ತು ಆತ್ಮದ ನಡುವಿನ ಗೆರೆಗಿಂತ ಈ ಗೆರೆ ಮುಖ್ಯ. ಬೈಬಲ್ ಜಾಸ್ತಿ ಒತ್ತು ಕೊಡುವುದೂ ಇದಕ್ಕೇ.

ಒಂದು ಹಳೆಯ ವಿವಾದ

ನಾಲ್ಕನೆಯ ಶತಮಾನದಲ್ಲಿ ಈ ವಿಷಯ ಬಿಸಿಯೇರಿತು. ಸಿರಿಯದ ಲವೊದಿಕೀಯದಲ್ಲಿ ಅಪೊಲಿನಾರಿಸ್ ಎಂಬ ಬಿಷಪ್ ಇದ್ದರು. ಬುದ್ಧಿವಂತರು. ಕ್ರಿಸ್ತ ದೇವರೇ ಎಂಬುದನ್ನು ಗಟ್ಟಿಯಾಗಿ ಸಮರ್ಥಿಸಿದವರು. ಕ್ರಿಸ್ತನಲ್ಲಿ ದೇವರೂ ಮನುಷ್ಯನೂ ಹೇಗೆ ಒಂದಾದರು ಎಂಬುದನ್ನು ವಿವರಿಸಲು ಅವರು ಮೂರು ಭಾಗದ ಲೆಕ್ಕವನ್ನು ತೆಗೆದುಕೊಂಡರು. ಕ್ರಿಸ್ತನ ದೇಹ ಮನುಷ್ಯರದ್ದೇ, ಪ್ರಾಣವೂ ಮನುಷ್ಯರದ್ದೇ. ಆದರೆ ವಿವೇಕ ಇರಬೇಕಾದ ಜಾಗದಲ್ಲಿ, ಆತ್ಮದ ಜಾಗದಲ್ಲಿ, ದೇವರ ವಾಕ್ಯವೇ, ಅಂದರೆ ದೇವರಾದ ಮಗನೇ, ಕೂತಿತ್ತು ಎಂದರು.

ಕೇಳಲು ಚೊಕ್ಕವಾಗಿದೆ. ಆದರೆ ಇದರ ಪ್ರಕಾರ ಕ್ರಿಸ್ತ ಪೂರ್ತಿ ಮನುಷ್ಯನಲ್ಲ. ಮನುಷ್ಯರಂತೆ ಯೋಚಿಸುವ, ನಿರ್ಧಾರ ಮಾಡುವ ಒಳಮನಸ್ಸೇ ಅವನಿಗಿಲ್ಲ. ಅದೇ ಕಾಲದ ಬಿಷಪ್, ನಾಜಿಯಾಂಜಸ್‌ನ ಗ್ರೆಗರಿ ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಉಲ್ಲೇಖವಾಗುತ್ತದೆ: ಕ್ರಿಸ್ತ ಯಾವುದನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ಗುಣವಾಗಿಲ್ಲ. ಮನುಷ್ಯನ ಪಾಪ ಶುರುವಾಗುವುದೇ ಮನಸ್ಸಿನಲ್ಲಿ. ಅದನ್ನೇ ಬಿಟ್ಟು ಬಂದರೆ ರಕ್ಷಿಸಿದ್ದು ಏನನ್ನು? 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ (ಬಿಷಪ್‌ಗಳ ಕೂಟ) ಅಪೊಲಿನಾರಿಸ್ ಬೋಧನೆಯನ್ನು ತಳ್ಳಿಹಾಕಿತು. 451ರಲ್ಲಿ ಖಾಲ್ಸೆದೋನ್ ಮಹಾಸಭೆ ಕ್ರಿಸ್ತನಿಗೆ ವಿವೇಕವುಳ್ಳ ಪ್ರಾಣವೂ ದೇಹವೂ ಇದೆ ಎಂದು ಹೇಳಿತು. ಆತ್ಮ ಎಂದು ಮೂರನೆಯದನ್ನು ಬೇರೆಯಾಗಿ ಎಣಿಸಲಿಲ್ಲ. ಇದಾದ ಮೇಲೆ ಪಶ್ಚಿಮದ ಸಭೆಗಳಲ್ಲಿ ಮೂರು ಭಾಗದ ಮಾತನ್ನು ಸಂಶಯದಿಂದ ನೋಡುವುದು ರೂಢಿಯಾಯಿತು.

ಕ್ಯಾಥೊಲಿಕ್ ಸಭೆಯ ನಿಲುವು ಇವತ್ತಿಗೂ ಅದೇ ದಾರಿಯಲ್ಲಿದೆ. 1992ರಲ್ಲಿ ಪ್ರಕಟವಾದ ಅವರ ಧರ್ಮೋಪದೇಶ ಗ್ರಂಥ 367ನೇ ಪ್ಯಾರಾದಲ್ಲಿ ಥೆಸಲೋನಿಕದ ವಾಕ್ಯವನ್ನೇ ಎತ್ತಿಕೊಂಡು ಮಾತಾಡುತ್ತದೆ. ಈ ವ್ಯತ್ಯಾಸದಿಂದ ಪ್ರಾಣ ಎರಡಾಗಿ ಒಡೆಯುವುದಿಲ್ಲ. ಮನುಷ್ಯ ಸೃಷ್ಟಿಯಾದಾಗಿನಿಂದಲೇ ದೇವರ ಜೊತೆಗಿನ ಬದುಕಿಗಾಗಿ ಇರುವವನು ಎಂಬುದನ್ನು ‘ಆತ್ಮ’ ಎನ್ನುವ ಮಾತು ಸೂಚಿಸುತ್ತದೆ ಎನ್ನುತ್ತದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ನೂಸ್ ಎಂಬ ಇನ್ನೊಂದು ಗ್ರೀಕ್ ಪದಕ್ಕೆ ಒತ್ತು ಜಾಸ್ತಿ. ಅದು ಪ್ರಾಣದ ಕಣ್ಣು, ದೇವರನ್ನು ಕಾಣುವ ಶಕ್ತಿ.

ಪ್ರೊಟೆಸ್ಟೆಂಟರ ಪೈಕಿ ನನಗೆ ಹಿಡಿಸಿದ್ದು ಮಾರ್ಟಿನ್ ಲೂಥರ್ ಮಾತು. 1521ರಲ್ಲಿ ಮರಿಯಳ ಹಾಡಿಗೆ ಬರೆದ ವ್ಯಾಖ್ಯಾನದಲ್ಲಿ ಅವರು ಮೋಶೆ ಕಟ್ಟಿಸಿದ ದೇವದರ್ಶನದ ಗುಡಾರವನ್ನು ತರುತ್ತಾರೆ. ಹೊರಗಿನ ಅಂಗಳ ದೇಹ. ಅಲ್ಲಿ ನಡೆಯುವುದು ಎಲ್ಲರಿಗೂ ಕಾಣುತ್ತದೆ. ಒಳಗಿನ ಪವಿತ್ರಸ್ಥಾನದಲ್ಲಿ ಏಳು ದೀಪಗಳ ಸ್ತಂಭ ಇದೆ; ಅದು ಪ್ರಾಣ, ಬುದ್ಧಿ ಮತ್ತು ತಿಳಿವಳಿಕೆಯ ಬೆಳಕು ಇರುವ ಜಾಗ. ಅದಕ್ಕೂ ಒಳಗೆ ಮಹಾಪವಿತ್ರಸ್ಥಾನ. ಅಲ್ಲಿ ದೀಪವೇ ಇಲ್ಲ. ದೇವರು ಕತ್ತಲಲ್ಲಿ ಇರುತ್ತಾನೆ. ಅದು ಆತ್ಮ, ಕಾಣದ್ದನ್ನು ನಂಬುವ ಜಾಗ. ಇಷ್ಟು ಹೇಳಿದ ಲೂಥರ್ ಇನ್ನೊಂದನ್ನೂ ಸೇರಿಸುತ್ತಾರೆ: ಸ್ವಭಾವದಲ್ಲಿ ಪ್ರಾಣವೂ ಆತ್ಮವೂ ಒಂದೇ, ಮಾಡುವ ಕೆಲಸ ಬೇರೆ. ಜಾನ್ ಕ್ಯಾಲ್ವಿನ್ ಕೂಡ ಹತ್ತಿರ ಹತ್ತಿರ ಇದನ್ನೇ ಹೇಳಿದರು. ಎರಡು ಪದ ಜೊತೆಗೆ ಬಂದರೆ ಅರ್ಥದಲ್ಲಿ ವ್ಯತ್ಯಾಸ, ಆತ್ಮ ಒಂದೇ ಬಂದರೆ ಅದಕ್ಕೂ ಪ್ರಾಣದ ಅರ್ಥವೇ.

ಮೂರು ಭಾಗದ ಬೋಧನೆ ಮತ್ತೆ ಜೋರಾದದ್ದು 19 ಮತ್ತು 20ನೇ ಶತಮಾನಗಳಲ್ಲಿ. ಚೀನಾದ ಬೋಧಕ ವಾಚ್‌ಮನ್ ನೀ (1903–1972) ಇದನ್ನು ವಿವರವಾಗಿ ಕಟ್ಟಿದರು. ಅವರ ಪ್ರಕಾರ ಪ್ರಾಣದಲ್ಲಿ ಬುದ್ಧಿ, ಇಚ್ಛೆ, ಭಾವನೆ ಇವೆ. ಆತ್ಮದಲ್ಲಿ ಮನಸ್ಸಾಕ್ಷಿ, ಒಳಅರಿವು, ದೇವರ ಜೊತೆಗಿನ ಅನ್ಯೋನ್ಯತೆ. ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಇವತ್ತು ಕೇಳಿಬರುವ ಬೋಧನೆಯಲ್ಲಿ ಇದರ ಛಾಯೆ ಸಾಕಷ್ಟಿದೆ.

ಇದರಲ್ಲಿ ಒಳ್ಳೆಯದೂ ಇದೆ. ಹಾಡು ಹಾಡುವಾಗ ಬಂದ ಮೈಜುಮ್ಮೆನ್ನುವಿಕೆಯನ್ನೇ ದೇವರ ಸ್ವರ ಎಂದುಕೊಳ್ಳಬೇಡಿ ಎಂಬ ಎಚ್ಚರಿಕೆ ಬೇಕಾದದ್ದೇ. ನನಗೆ ತಕರಾರು ಇರುವುದು ಅದರ ಬಳಕೆಯಲ್ಲಿ. ಯಾರಾದರೂ ಪ್ರಶ್ನೆ ಕೇಳಿದರೆ ‘ಅದು ನಿನ್ನ ಪ್ರಾಣದ ಬುದ್ಧಿ, ಆತ್ಮದಲ್ಲಿ ಯೋಚಿಸು’ ಎಂದು ಬಾಯಿ ಮುಚ್ಚಿಸಬಹುದು. ದುಃಖದಲ್ಲಿರುವವರಿಗೆ ‘ನೀನಿನ್ನೂ ಪ್ರಾಣದಲ್ಲೇ ಇದ್ದೀಯ’ ಎಂದು ಹೇಳಿ ಇನ್ನಷ್ಟು ಭಾರ ಹೊರಿಸಬಹುದು. ಬೈಬಲ್ ಹೀಗೆ ಪ್ರಾಣವನ್ನು ಕೀಳು ಮಾಡುವುದಿಲ್ಲ, ಆತ್ಮವನ್ನು ತಾನಾಗಿಯೇ ಶುದ್ಧ ಎಂದೂ ಬಿಡುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7:1ರಲ್ಲಿ ಪೌಲ ದೇಹದ ಕಲ್ಮಶದ ಜೊತೆಗೆ ಆತ್ಮದ ಕಲ್ಮಶವನ್ನೂ ತೊಳೆದುಕೊಳ್ಳಿ ಎನ್ನುತ್ತಾನೆ. 42ನೇ ಕೀರ್ತನೆಯ ಭಕ್ತ ತನ್ನ ಕುಗ್ಗಿದ ಪ್ರಾಣವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾನೆ. ಯಾಕೆ ಕುಗ್ಗಿಹೋಗಿದ್ದೀಯ, ದೇವರನ್ನು ನಿರೀಕ್ಷಿಸು ಎನ್ನುತ್ತಾನೆ. ಅದೇ ಪ್ರಾಣ ಆ ಕೀರ್ತನೆಯ ಮೊದಲ ಸಾಲಿನಲ್ಲಿ, ಜಿಂಕೆ ನೀರಿಗೆ ಹಂಬಲಿಸಿದ ಹಾಗೆ ದೇವರಿಗಾಗಿ ಹಂಬಲಿಸಿತ್ತು. ಅತ್ತದ್ದೂ ಪ್ರಾಣವೇ, ದೇವರನ್ನು ಹುಡುಕಿದ್ದೂ ಪ್ರಾಣವೇ.

ಕೊನೆಗೆ ಸಾವಿನ ಆಚೆಗಿನ ಮಾತು. ಹೆಚ್ಚಿನ ಸಭೆಗಳು, ದೇಹ ಸತ್ತ ಮೇಲೂ ಮನುಷ್ಯನ ಒಳಗಿನದು ದೇವರ ಮುಂದೆ ಅರಿವಿನೊಂದಿಗೆ ಇರುತ್ತದೆ ಎಂದು ನಂಬುತ್ತವೆ. ಅಡ್ವೆಂಟಿಸ್ಟ್ ಸಭೆಯಂಥ ಕೆಲವರು ಮಾತ್ರ ಪುನರುತ್ಥಾನದ ತನಕ, ಅಂದರೆ ಸತ್ತವರು ದೇಹದೊಂದಿಗೆ ತಿರುಗಿ ಏಳುವ ತನಕ, ಅದು ಅರಿವಿಲ್ಲದ ನಿದ್ದೆ ಎನ್ನುತ್ತಾರೆ. ಆದರೆ ಯಾರಿಗೂ ಇದು ಕಥೆಯ ಕೊನೆಯಲ್ಲ. ಹೆಚ್ಚಿನ ಸಭೆಗಳು ಒಪ್ಪುವ ನಂಬಿಕೆಯ ಹೇಳಿಕೆಯಾದ ನೈಸೀಯ ವಿಶ್ವಾಸಪ್ರಮಾಣ ಎದುರುನೋಡುವುದು ಸತ್ತವರ ಪುನರುತ್ಥಾನವನ್ನು. ಪ್ರಾಣ ಅಮರ ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ. ಪ್ರಾಣವೋ ಆತ್ಮವೋ ದೇಹದಿಂದ ಬಿಡುಗಡೆಯಾಗಿ ಹಾರಿಹೋಗುವುದೇ ರಕ್ಷಣೆ ಎಂದಿದ್ದರೆ ಯೇಸುವಿನ ಸಮಾಧಿ ಖಾಲಿಯಾಗುವ ಅಗತ್ಯವೇ ಇರಲಿಲ್ಲ.

ಪೌಲ ಈ ಎರಡು ಪದಗಳನ್ನು ಕೊನೆಯದಾಗಿ ಎದುರುಬದುರು ನಿಲ್ಲಿಸುವುದೂ ಪುನರುತ್ಥಾನದ ಅಧ್ಯಾಯದಲ್ಲೇ, 1 ಕೊರಿಂಥ 15:44–45ರಲ್ಲಿ. ಬಿತ್ತುವುದು ಪ್ರಾಕೃತ ದೇಹ, ಏಳುವುದು ಆತ್ಮಿಕ ದೇಹ. ಮೊದಲ ಆದಾಮ ಬದುಕುವ ಪ್ರಾಣಿಯಾದ, ಕಡೆಯ ಆದಾಮ, ಅಂದರೆ ಕ್ರಿಸ್ತ, ಬದುಕಿಸುವ ಆತ್ಮನಾದ. ಆದಿಕಾಂಡದ ಅದೇ ಮಣ್ಣು ಮತ್ತು ಉಸಿರಿನ ವಾಕ್ಯವನ್ನು ಅವನು ಇಲ್ಲಿ ಎತ್ತಿಕೊಂಡಿದ್ದಾನೆ. ಗಮನಿಸಿ, ಎರಡೂ ಕಡೆ ಇರುವುದು ದೇಹವೇ. ಆತ್ಮಿಕ ದೇಹ ಅಂದರೆ ಆವಿಯಿಂದಾದ ದೇಹವಲ್ಲ. ತನ್ನ ಸ್ವಂತ ಉಸಿರಿನ ಬದಲು ದೇವರ ಆತ್ಮದಿಂದ ಬದುಕುವ ದೇಹ.